ತಾಸಲ್ಲ, ಟಾಸ್ಕು

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸಿನ ಅರ್ಧಕ್ಕೆ. ನಿಲ್ಲಿಸಿದೆ ಎಂದರೆ ಏನೋ ಕೂತು ಯೋಚಿಸಿ ನಿರ್ಧಾರ ಮಾಡಿದವನ ಹಾಗೆ ಕೇಳುತ್ತದೆ. ಡೀಸೆಲ್ ಮುಗಿದು ನಿಂತ ಬಸ್ಸನ್ನು ಡ್ರೈವರ್ ನಿಲ್ಲಿಸಿದ ಎನ್ನಲಿಕ್ಕೆ ಆಗುತ್ತದಾ? ನನ್ನ ಡೀಸೆಲ್ ಮುಗಿದದ್ದು ಇಂಗ್ಲಿಷ್ ಪಿರಿಯಡ್ಡಿನಲ್ಲಿ. ಉಡುಪಿ ಹತ್ತಿರದ ನಮ್ಮ ಶಾಲೆಯಲ್ಲಿ ಮಾಸ್ಟರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು: "ವಾಟ್ ಈಸ್ ಯುವರ್ ಫಾದರ್?" ನನ್ನ ಸರದಿ ಬಂತು. ನಾನು ಚೆನ್ನಾಗಿ ಆಲೋಚಿಸಿ, ಎದೆ ಉಬ್ಬಿಸಿ ಹೇಳಿದೆ: "ಮೈ ಫಾದರ್ ಈಸ್ ಎ ಮ್ಯಾನ್."

ಇವತ್ತಿಗೂ ಅದರಲ್ಲಿ ತಪ್ಪೇನೆಂದು ನೀವೇ ಹೇಳಿ. ವಾಕ್ಯ ಸರಿ ಉಂಟು, ಅಪ್ಪನೂ ಸರಿ ಇದ್ದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಾಸ್ಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರೇ ಹೊರತು ಹೊಡೆಯಲಿಲ್ಲ. ಹೊಡೆದಿದ್ದರೆ ಮರುದಿನ ಹೋಗುತ್ತಿದ್ದೆ, ಪೆಟ್ಟು ನನಗೆ ಹೊಸತಲ್ಲ. ನಕ್ಕದ್ದರಿಂದ ಹೋಗಲಿಲ್ಲ. ಮಳೆ ಬಿಡುವುದರೊಳಗೆ ಸೋದರಮಾವ ನನ್ನನ್ನು ಡೊಂಬಿವಲಿಯ ಅವರ ಹೋಟೆಲಿಗೆ ಕರೆದುಕೊಂಡು ಬಂದರು. ಆ ಹೋಟೆಲು ಈಗ ನನ್ನದು. ಸುಮ್ಮನೆ ಬಂದದ್ದಲ್ಲ ಮಾರಾಯ್ರೆ. ಮಾವ ಊರಿಗೆ ಹೊರಡುವಾಗ ಒಂದು ಬೆಲೆ ಹೇಳಿದರು, ನಾನು ಚೌಕಾಸಿ ಮಾಡದೆ ಕೊಟ್ಟೆ. ಈ ಮಾತನ್ನು ನಾನು ಎಲ್ಲ ಕಡೆ ಹೇಳುತ್ತೇನೆ, ಇಲ್ಲಿಯೂ ಹೇಳಿದೆ.

ಇದೆಲ್ಲ ಈಗ ನೆನಪಾದದ್ದು ಒಂದು ಮಡಚಿದ ಕಾಗದದಿಂದ. ಮೂಲೆಯ ಟೇಬಲು ಅಲ್ಲಾಡುತ್ತದೆಂದು ಶರಣಪ್ಪ ಅದರ ಕಾಲಿನಡಿ ಕಾಗದವೊಂದನ್ನು ತುರುಕಿದ್ದ. ಶರಣಪ್ಪ ಕಲಬುರಗಿಯವನು. ಮೊದಲು ವಿಠ್ಠಲವಾಡಿಯಲ್ಲಿ ಬಿಲ್ಡಿಂಗಿಗೆ ಇಟ್ಟಿಗೆ ಹೊರುತ್ತಿದ್ದ, ಈಗ ನನ್ನ ಹಿಟ್ಟು ರುಬ್ಬುವವನು. ಮೊನ್ನೆ ನೆಲ ತೊಳೆಯುವಾಗ ಆ ಕಾಗದ ಹೊರಗೆ ಬಂತು. ಬಿಡಿಸಿ ನೋಡಿದರೆ ಒಂದು ಪೇಟೆಯ ನಕಾಶೆ, ಆದರೆ ಅರ್ಧವೇ. ಅರ್ಧ ಅಂಗಡಿಗಳಿಗೆ ಹೆಸರುಂಟು, ಅರ್ಧ ಖಾಲಿ ಚೌಕ. ಅಚ್ಚು ಸರಿಯಾಗದ ಕಾಗದವೆಂದು ಶರಣಪ್ಪ ತಿಳಿದದ್ದು ಅವನ ತಪ್ಪಲ್ಲ. ಮೊದಲು ಕಂಡಾಗ ನಾನೂ ಹಾಗೆಯೇ ತಿಳಿದಿದ್ದೆ.

ಮೊದಲು ಕಂಡದ್ದು ಯಾವಾಗ ಎಂದು ಹೇಳಬೇಕಾದರೆ ನನ್ನ ಮಗಳು ಶ್ರಾವ್ಯಳ ವಿಷಯಕ್ಕೆ ಬರಬೇಕು. ಆಗ ಅವಳು ನೆರೂಳಿನ ಕಾಲೇಜಿನಲ್ಲಿ ಸೆಕೆಂಡ್ ಇಯರ್ ಬಿ.ಕಾಂ. ಹತ್ತನೆಯವರೆಗೆ ಓದಿದ್ದು ಹೋಟೆಲಿನ ಹಿಂದಿನ ಮರಾಠಿ ಶಾಲೆಯಲ್ಲಿ. ಹೆಂಡತಿ ಸುಮತಿ ಇಂಗ್ಲಿಷ್ ಶಾಲೆಗೆ ಹಾಕುವ ಎಂದಾಗ, "ಇಂಗ್ಲಿಷ್ ಇಲ್ಲದೆ ನಾನು ಬದುಕಲಿಲ್ಲವಾ?" ಎಂದು ದೊಡ್ಡ ಮಾತಾಡಿದವನು ನಾನೇ. ಮನೆಯಲ್ಲಿ ನಾನೂ ಸುಮತಿಯೂ ತುಳು. ಮಗಳ ಹತ್ತಿರ ನಾನು ಕನ್ನಡ, ಕಲಿಯಲಿ ಎಂದು. ಅವಳು ಎಲ್ಲವನ್ನೂ ಅರ್ಥ ಮಾಡಿಕೊಂಡು ಉತ್ತರ ಕೊಡುವುದು ಮರಾಠಿಯಲ್ಲಿ. ಹುಟ್ಟಿದಾರಭ್ಯ ಹೀಗೆಯೇ ನಡೆದು ಬಂದಿದೆ, ನಾವು ಯಾರೂ ಅದನ್ನು ವಿಚಿತ್ರವೆಂದು ಎಣಿಸಿದ್ದೇ ಇಲ್ಲ.

ಒಂದು ದಿನ ಅವಳು ಹೇಳಿದಳು, ಕಾಲೇಜಿನಲ್ಲಿ ಹೊಸ ಇಂಗ್ಲಿಷ್ ಮೇಡಂ ಬಂದಿದ್ದಾರೆ, ಅವರದ್ದು ಟಾಸ್ಕ್ ಬೇಸ್ಡ್ ಎಂದು. ನನ್ನ ಕಿವಿಗೆ ಬಿದ್ದದ್ದು ತಾಸ್ ಬೇಸ್ಡ್. ಮರಾಠಿಯಲ್ಲಿ ತಾಸ್ ಎಂದರೆ ಪಿರಿಯಡ್ ಅಲ್ಲವಾ? ಶರಣಪ್ಪನನ್ನು ಕೇಳಿದೆ.

"ತಾಸಂದ್ರ ನಮ್ ಕಡಿ ಗಂಟಿ ರೀ ಮಾಲಕ್ರ. ತಾಸಿನ ಲೆಕ್ಕದಾಗ ಕಲಸ್ತಾರ ಅಂತ ಕಾಣ್ತದ. ನಾವು ದಿನಗೂಲಿ ಮಾಡಿದಂಗ."

ಎರಡು ಊರಿನವರು, ಎರಡು ಭಾಷೆಯಿಂದ ಬಂದು, ಒಂದೇ ತಪ್ಪು ಅರ್ಥಕ್ಕೆ ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತಿಂಗಳುಗಟ್ಟಲೆ ನಾನು ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಹೇಳಿದೆ: "ನೆರೂಳಿನಲ್ಲಿ ಈಗ ಇಂಗ್ಲಿಷು ಗಂಟೆ ಲೆಕ್ಕದಲ್ಲಿ ಸಿಗ್ತದೆ."

ಆಮೇಲೆ ಒಂದು ಮಧ್ಯಾಹ್ನ ಅವಳೂ ಅವಳ ಗೆಳತಿ ಸ್ನೇಹಲಳೂ ಮೂಲೆಯ ಟೇಬಲಿನಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತಿದ್ದರು. ಇಬ್ಬರ ಕೈಯಲ್ಲೂ ಅರ್ಧ ಅಚ್ಚಾಗದ ಹಾಗೆ ಕಾಣುವ ಒಂದೊಂದು ಕಾಗದ. ಇವಳು ಗೋಡೆ ನೋಡುತ್ತಾಳೆ, ಅವಳು ಬೀದಿ ನೋಡುತ್ತಾಳೆ. ಜಗಳವಾಗಿದೆ ಎಂದುಕೊಂಡೆ. ಹೆಣ್ಣುಮಕ್ಕಳ ಜಗಳಕ್ಕೆ ನನ್ನ ಹತ್ತಿರ ಇರುವ ಔಷಧಿ ಒಂದೇ, ಬಿಸಿ ಶೀರಾ. ಎರಡು ಪ್ಲೇಟ್ ಕಳಿಸಿದೆ. ತಿಂದರು, ಆದರೆ ತಿರುಗಲಿಲ್ಲ. ನಾನೇ ಹೋಗಿ, "ಏನು ಮಕ್ಕಳೇ, ರಾಜಿ ಮಾಡಿಕೊಳ್ಳಿ," ಎಂದಾಗ ಸ್ನೇಹಲ ನಕ್ಕು ನಕ್ಕು ಶೀರಾ ಉಗುಳಿದಳು. "ಅಂಕಲ್, ಹಾ ಟಾಸ್ಕ್ ಆಹೇ!"

ಅವಳೇ ವಿವರಿಸಿದಳು. ಪೇಟೆಯ ಅರ್ಧ ಅಂಗಡಿ ಇವಳ ಕಾಗದದಲ್ಲಿ, ಉಳಿದರ್ಧ ಅವಳದ್ದರಲ್ಲಿ. ಒಬ್ಬರದು ಇನ್ನೊಬ್ಬರು ನೋಡಬಾರದು. ಇಂಗ್ಲಿಷಿನಲ್ಲಿ ಕೇಳಿ ಕೇಳಿ, ಔಷಧಿ ಅಂಗಡಿ ಎಲ್ಲಿ, ಬ್ಯಾಂಕಿನ ಎಡಕ್ಕಾ ಬಲಕ್ಕಾ, ಹೀಗೆ ಇಡೀ ಪೇಟೆ ತುಂಬಿಸಬೇಕು. ಮೇಡಂ ವ್ಯಾಕರಣ ಬರೆಸುವುದಿಲ್ಲ. ಮಾತಾಡದೆ ಮುಗಿಯದಂಥ ಒಂದು ಕೆಲಸ ಕೊಡುತ್ತಾರೆ. ಆ ಕೆಲಸಕ್ಕೇ ಟಾಸ್ಕ್ ಎನ್ನುವುದು. ತಾಸೂ ಅಲ್ಲ, ಗಂಟೆಯೂ ಅಲ್ಲ.

ನಾನು ಕಾಗದ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಯಾಕೆಂದರೆ ನನಗೆ ಹಿಂದಿ ಕಲಿಸಿದ್ದು ಇದೇ. ಡೊಂಬಿವಲಿಗೆ ಬಂದ ಹೊಸದರಲ್ಲಿ ಮಾವ ಥಾಣೆಗೆ ಸಾಮಾನು ತರಲು ಕಳಿಸಿದ್ದರು. ಬರುವಾಗ ಲೋಕಲಿನಲ್ಲಿ ಜನವೋ ಜನ. ಬಾಗಿಲಿನ ಹತ್ತಿರ ಇರುವವರನ್ನು ಸರಿಸಲು ನನ್ನ ಬಾಯಲ್ಲಿ ಮಾತಿಲ್ಲ. ಡೊಂಬಿವಲಿ ಬಂತು, ಹೋಯಿತು. ಠಾಕುರ್ಲಿ ಹೋಯಿತು, ಕಲ್ಯಾಣ ಹೋಯಿತು. ವಿಠ್ಠಲವಾಡಿಯಲ್ಲಿ ಯಾರೋ ಇಳಿಯುವಾಗ ಅವರ ಜೊತೆ ನಾನೂ ಹುಣಸೆಬೀಜದ ಹಾಗೆ ಹೊರಗೆ ಬಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಮುದುಕ ಹೇಳಿಕೊಟ್ಟ, ಡೊಂಬಿವಲಿಗೆ ಮೊದಲು ಸಿಗುವ ದಿವಾ ಸ್ಟೇಷನ್ ಬಂದ ಕೂಡಲೇ ಎದುರಿನ ಬೆನ್ನಿಗೆ ಕೇಳುತ್ತಾ ಹೋಗಬೇಕು, "ಡೊಂಬಿವಲಿ ಉತರ್ನಾ ಹೈ ಕ್ಯಾ?" ಡೊಂಬಿವಲಿಯಲ್ಲಿ ಇಳಿಯಲಿಕ್ಕುಂಟಾ ಎಂದು. ಆ ವಾಕ್ಯದಲ್ಲಿ ಕರ್ತೃ ಯಾರು ಕರ್ಮ ಯಾರು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮರುವಾರ ಡೊಂಬಿವಲಿಯಲ್ಲೇ ಇಳಿದೆ. ಅಂಥ ನೂಕುನುಗ್ಗಲನ್ನು ಯಾರೋ ಒಬ್ಬರು ಕಾಗದದಲ್ಲಿ ಮಡಚಿ ಮಕ್ಕಳ ಕೈಯಲ್ಲಿ ಇಟ್ಟಿದ್ದಾರಲ್ಲ, ಎಂಥ ತಲೆ ಮಾರಾಯ್ರೆ ಅದು! ನನ್ನ ಕಾಲದಲ್ಲಿ ಆ ಮಾಸ್ಟರು ಅಪ್ಪನ ವಿಷಯ ಕೇಳುವ ಬದಲು ಅರ್ಧ ಪೇಟೆ ಕೊಟ್ಟಿದ್ದರೆ ಎಂದು ಒಮ್ಮೆ ಅನಿಸಿತು. ಅದು ಬೇರೆ ಮಾತು.

ಆದರೆ ಆ ಟೇಬಲಿನಲ್ಲಿ ನಾನು ಕಂಡದ್ದು ಇನ್ನೊಂದುಂಟು. ಮಾತೆಲ್ಲ ಸ್ನೇಹಲಳದ್ದೇ. ಶ್ರಾವ್ಯ ಬಾಯಿ ತೆರೆದರೆ ಮರಾಠಿ, ಅದೂ ಪಿಸುದನಿ. "ಏ, ಇಂಗ್ಲಿಷ್ ಮಧೇ ಬೋಲ್ ನಾ!" ಎಂದು ಗೆಳತಿ ಗದರಿದರೆ ಇವಳ ಪೆನ್ಸಿಲ್ ಖಾಲಿ ಚೌಕದ ಮೇಲೆ ಸುಮ್ಮನೆ ಸುತ್ತುತ್ತದೆ.

ಆ ವಾರವೇ ಸುಮತಿ ಊಟಕ್ಕೆ ಬಡಿಸುತ್ತಾ ಹೇಳಿದಳು, "ಆಳ್ ನನ ಕಾಲೇಜಿಗ್ ಪೋಪುಜಳ್‌ಗೆ." ಇನ್ನು ಕಾಲೇಜಿಗೆ ಹೋಗುವುದಿಲ್ಲವಂತೆ. ಈ ವರ್ಷ ಮುಗಿಸಿ ಬಿಡುತ್ತಾಳಂತೆ. ನಾನು ಮಗಳ ಮುಖ ನೋಡಿದೆ.

"ಮಲಾ ನಾಹೀ ಜಮತ್, ಪಪ್ಪಾ," ಎಂದಳು. ನನಗೆ ಆಗುವುದಿಲ್ಲ. "ಮೀ ಗಲ್ಲ್ಯಾವರ್ ಬಸತೇ."

ಗಲ್ಲಾದಲ್ಲಿ ಕೂರುತ್ತಾಳಂತೆ. ನಿಜ ಹೇಳಬೇಕೆಂದರೆ ಒಂದು ಕ್ಷಣ ನನಗೆ ಖುಷಿಯೇ ಆಯಿತು. ಆ ಕುರ್ಚಿಗೆ ಬರಲು ನಾನು ಕಪ್ಪು ತೊಳೆದು, ಟೇಬಲ್ ಒರೆಸಿ, ಚಟ್ನಿ ಅರೆದು ಅರ್ಧ ಆಯುಷ್ಯ ಕೊಟ್ಟಿದ್ದೇನೆ. ಅದನ್ನು ಮಗಳು ಬಯಸಿದಳಲ್ಲ ಎಂದು. ಅನ್ನಕ್ಕೆ ಸಾರು ಕಲಸುವಾಗ ಹೊಳೆಯಿತು, ಅವಳು ಕುರ್ಚಿಯನ್ನು ಬಯಸಿದ್ದಲ್ಲ, ಅದರ ಹಿಂದೆ ಅಡಗಲು ನೋಡಿದ್ದು. "ಯಾರಾದರೂ ನಕ್ಕರಾ?" ಎಂದು ಕೇಳಿದೆ. ಯಾರೂ ನಗಲಿಲ್ಲವಂತೆ. ಅವಳು ಮಾತಾಡಿದರಲ್ಲವಾ ನಗುವುದು. ಮುಂದಿನ ವಾರ ಕೊನೆಯ ಟಾಸ್ಕ್ ಉಂಟು, ಅದಕ್ಕೂ ಪರೀಕ್ಷೆಗೂ ಮಾತ್ರ ಹೋಗುತ್ತೇನೆ, ಆಮೇಲೆ ಸಾಕು, ಎಂದಳು. ಎಂಟನೆಯದರ ಅರ್ಧಕ್ಕೆ ಎದ್ದುಬಂದವನು ಯಾವ ಬಾಯಲ್ಲಿ ಮಗಳಿಗೆ ಓದು ಎನ್ನುವುದು?

ಕೊನೆಯ ಟಾಸ್ಕ್ ಏನೆಂದರೆ, ಐದೈದು ಜನ ಗುಂಪಾಗಿ ಒಂದು ಅಂಗಡಿಗೋ ಹೋಟೆಲಿಗೋ ಹೋಗಿ ಇಂಗ್ಲಿಷಿನಲ್ಲಿ ದೂರು ಕೊಡಬೇಕು, ಮಾಲೀಕನ ಜೊತೆ ಮಾತಾಡಿ ಅದಕ್ಕೊಂದು ಪರಿಹಾರ ಮಾಡಿಸಬೇಕು. ಶ್ರಾವ್ಯಳ ಗುಂಪಿನವರು ಚಾ ಬಿಟ್ಟಿ ಸಿಗುತ್ತದೆಂದು ನನ್ನ ಹೋಟೆಲನ್ನೇ ಆರಿಸಿದರು. ಅವಳು ಬೇಡವೆಂದು ಗೋಗರೆದಳಂತೆ. ಮೇಡಮ್ಮಿನ ಮನೆ ಕಲ್ಯಾಣದಲ್ಲಿ, ಹೋಗುವ ದಾರಿ ಎಂದು ಅವರೂ ನಡುವೆ ಇಳಿದು ಬಂದರು. ಸಣ್ಣ ಆಕೃತಿ, ಬೆನ್ನಿಗೊಂದು ಚೀಲ. ಅವರೇ ವಿದ್ಯಾರ್ಥಿನಿಯೆಂದು ತಿಳಿದು ನಾನು "ಕ್ಯಾ ಲೇಗಿ ಬೇಟಾ?" ಎಂದುಬಿಟ್ಟೆ. ನಕ್ಕರು. "ಒಂದು ಫಿಲ್ಟರ್ ಕಾಫಿ. ಮತ್ತೆ ನೀವು ಇಂಗ್ಲಿಷಿನಲ್ಲಿ ಮಾತ್ರ ಉತ್ತರ ಕೊಡಬೇಕು, ಬಂದಷ್ಟು," ಎಂದು ಮರಾಠಿಯಲ್ಲಿ ಹೇಳಿದರು.

ಸಂಜೆ ನಾಲ್ಕರ ಹೊತ್ತು, ಗಿರಾಕಿ ಇಲ್ಲ. ಮೊದಲು ಎದ್ದವನು ತೇಜಸ್ ಎನ್ನುವ ಹುಡುಗ. "ಎಕ್ಸ್‌ಕ್ಯೂಸ್ ಮೀ, ದೇರ್ ಈಸ್ ಎ ಫ್ಲೈ ಇನ್ ಮೈ ಇಡ್ಲಿ."

ಟಾಸ್ಕ್ ಎಂದು ನನಗೆ ಗೊತ್ತಿತ್ತು. ಮೇಡಂ ಎದುರಿಗೇ ಕೂತಿದ್ದರು. ಆದರೂ ಫ್ಲೈ ಎನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ಮೈಯೆಲ್ಲ ಉರಿಯಿತು. "ಕಹಾಂ ಹೈ? ದಿಖಾವ್!" ಎಂದು ಓಡಿ ಹೋಗಿ ಇಡ್ಲಿಯನ್ನು ಎತ್ತಿ, ತಿರುಗಿಸಿ, ಟ್ಯೂಬ್‌ಲೈಟಿಗೆ ಹಿಡಿದೆ. ಮೇಡಂ ಮೆಲ್ಲಗೆ, "ಸರ್, ಇಂಗ್ಲಿಷ್ ಪ್ಲೀಸ್," ಎಂದರು.

"ನೋ ಫ್ಲೈ! ಮೈ ಹೋಟೆಲ್, ಫ್ಲೈ ನೋ ಪರ್ಮಿಷನ್!"

ಟೇಬಲಿಗೆ ಟೇಬಲೇ ಬಿದ್ದು ಬಿದ್ದು ನಕ್ಕಿತು. ವಿಚಿತ್ರವೆಂದರೆ ನನಗೂ ನಗು ಬಂತು. ಮೇಡಂ ತೇಜಸನಿಗೆ, ಸುಳ್ಳು ದೂರು ನಡೆಯುವುದಿಲ್ಲ, ನಿಜವಾದ ಕುಂದು ಹುಡುಕಿ ಎಂದರು. ಮಕ್ಕಳು ಎದ್ದು ಗೋಡೆ ನೋಡಿದರು, ಲೋಟ ನೋಡಿದರು, ಬೇಸಿನ್ ನೋಡಿದರು. ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ, ನಾನು ಇಟ್ಟ ಹೋಟೆಲು ಅದು. ತೇಜಸ್ ಮುಖ ಊದಿಸಿಕೊಂಡು ಹಿಂದಿಯಲ್ಲಿ ಗೊಣಗಿದ: "ಇದಕ್ಕಿಂತ ನೋಟ್ಸ್ ಕೊಟ್ಟರೆ ಬಾಯಿಪಾಠ ಮಾಡಿಬಿಡ್ತೇವಲ್ಲ ಮೇಡಂ. ಪರೀಕ್ಷೆಯಲ್ಲಿ ಇಡ್ಲಿ ಕೇಳ್ತಾರಾ?"

ಆಗ ಅಷ್ಟು ಹೊತ್ತೂ ತಲೆ ಬಗ್ಗಿಸಿ ಕೂತಿದ್ದ ನನ್ನ ಮಗಳು ಬಾಗಿಲಿನ ಕಡೆ ನೋಡುತ್ತಾ ಹೇಳಿದಳು.

"ಎಕ್ಸ್‌ಕ್ಯೂಸ್ ಮೀ, ಸರ್."

ನನಗೇ ಹೇಳಿದ್ದೆಂದು ತಿಳಿಯಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನನ್ನು ಸರ್ ಎಂದವರು ಬಹಳ ಜನ ಇದ್ದಾರೆ. ಇವಳು ಯಾವತ್ತೂ ಅಂದವಳಲ್ಲ.

"ಯುವರ್ ಬೋರ್ಡ್ ಈಸ್ ಲೈಯಿಂಗ್."

ಬಾಗಿಲಿನಲ್ಲಿ ತೂಗುವ ಬೋರ್ಡನ್ನು ನೀವು ನೋಡಿರುತ್ತೀರಿ. ಈ ಕಡೆಯ ಉಡುಪಿ ಹೋಟೆಲುಗಳಲ್ಲೆಲ್ಲ ಅದು ಇರುತ್ತದೆ: 'ರೈಸ್ ಪ್ಲೇಟ್ ರೆಡಿ'. ನನಗೆ ಗೊತ್ತಿದ್ದ ಲೈಯಿಂಗ್ ಎಂದರೆ ಬಿದ್ದುಕೊಂಡಿರುವುದು. ತಿರುಗಿ ನೋಡಿದೆ, ಬೋರ್ಡು ಜಾಗದಲ್ಲೇ ಉಂಟು.

"ಬೋರ್ಡ್ ನಾಟ್ ಲೈಯಿಂಗ್. ಬೋರ್ಡ್ ಹ್ಯಾಂಗಿಂಗ್," ಎಂದೆ.

ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಎದ್ದು ನಿಂತಳು. "ನೋ ಸರ್. ಟೈಮ್ ಈಸ್ ಫೋರ್. ರೈಸ್ ಈಸ್ ಫಿನಿಶ್ ಅಟ್ ತ್ರೀ. ಬೋರ್ಡ್ ಈಸ್ ಸೇಯಿಂಗ್ ರೆಡಿ. ಒನ್ ಮ್ಯಾನ್ ಈಸ್ ಕಮಿಂಗ್ ಫ್ರಮ್ ಸ್ಟೇಷನ್. ಹಿ ಈಸ್ ಹಂಗ್ರಿ. ಹಿ ಈಸ್ ರೀಡಿಂಗ್ ಬೋರ್ಡ್, ಹಿ ಈಸ್ ಹ್ಯಾಪಿ. ಹಿ ಈಸ್ ಕಮಿಂಗ್ ಇನ್‌ಸೈಡ್, ಆ್ಯಂಡ್ ಯು ಆರ್ ಸೇಯಿಂಗ್ ಫಿನಿಶ್, ಟೇಕ್ ಇಡ್ಲಿ."

"ಇಡ್ಲಿ ಗುಡ್," ಎಂದೆ.

"ಇಡ್ಲಿ ಈಸ್ ಗುಡ್. ಬಟ್ ಹಿ ಕೇಮ್ ಫಾರ್ ರೈಸ್."

ನನ್ನ ಹತ್ತಿರ ಉತ್ತರವಿತ್ತು, ಇಂಗ್ಲಿಷ್ ಇರಲಿಲ್ಲ. "ಬೋರ್ಡ್... ಓಲ್ಡ್. ಆಲ್ ಹೋಟೆಲ್... ಸೇಮ್..." ಎಂದು ಗಾಳಿಯಲ್ಲಿ ಕೈ ಆಡಿಸಿದೆ. ಕೊನೆಗೆ ತಡೆಯದೆ ಕನ್ನಡದಲ್ಲೇ ಹೇಳಿಬಿಟ್ಟೆ: "ಅದು ಓದುವ ಬೋರ್ಡಲ್ಲ ಮಗಾ, ನೋಡುವ ಬೋರ್ಡು. ಹೆಂಗಸರ ಹಣೆಯ ಕುಂಕುಮದ ಹಾಗೆ. ಕುಂಕುಮ ಎಷ್ಟು ಗಂಟೆಗೆ ಇಡ್ತೀರಿ, ಎಷ್ಟು ಗಂಟೆಗೆ ತೆಗೀತೀರಿ ಅಂತ ಯಾರಾದರೂ ಕೇಳ್ತಾರಾ?"

ಮೇಡಂ, ತೇಜಸ್, ಸ್ನೇಹಲ, ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಎಲ್ಲರೂ ಶ್ರಾವ್ಯಳ ಮುಖ ನೋಡಿದರು. ಅವಳು ಮೇಡಮ್ಮಿನ ಕಡೆ ತಿರುಗಿದಳು.

"ಹಿ ಸೇಸ್, ಬೋರ್ಡ್ ಈಸ್ ನಾಟ್ ಫಾರ್ ರೀಡಿಂಗ್. ಇಟ್ ಈಸ್ ಲೈಕ್ ಕುಂಕುಮ್ ಆನ್ ಫೋರ್‌ಹೆಡ್. ಇಟ್ ಈಸ್ ಟೆಲ್ಲಿಂಗ್ ಎವ್ರಿಬಡಿ, ದಿಸ್ ಹೋಟೆಲ್ ಈಸ್ ಅಲೈವ್."

ಹೋಟೆಲ್ ಜೀವಂತ ಇದೆ ಎಂದು ನಾನು ಹೇಳಿರಲಿಲ್ಲ. ಹೇಳಬೇಕೆಂದಿದ್ದದ್ದು ಅದನ್ನೇ. ಆದರೆ ಕನ್ನಡದಲ್ಲೂ ನನಗೆ ಆ ಮಾತು ಸಿಕ್ಕಿರಲಿಲ್ಲ. ಕನ್ನಡದಲ್ಲಿ ಒಂದು ವಾಕ್ಯ ಆಡದ ಹುಡುಗಿ, ಇಂಗ್ಲಿಷಿನಲ್ಲಿ ಬಾಯಿ ಬಿಡದ ಹುಡುಗಿ, ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡದ್ದನ್ನು ಎಲ್ಲಿಂದ ತೆಗೆದಳು? ಅಡುಗೆಮನೆಯ ಬಾಗಿಲಿನಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದ ಶರಣಪ್ಪ ಮೆಲ್ಲಗೆ, "ಅಕ್ಕಾರು ಎಷ್ಟ ಛಂದ ಜಗಳಾ ತಗದಾರ ನೋಡ್ರಿ," ಎಂದ.

ಅವಳು ಬಿಡಲಿಲ್ಲ. ಮತ್ತೆ ನನ್ನ ಕಡೆ ತಿರುಗಿದಳು. "ಓಕೆ ಸರ್. ಹೋಟೆಲ್ ಈಸ್ ಅಲೈವ್. ಬಟ್ ದಟ್ ಮ್ಯಾನ್ ಈಸ್ ಸ್ಟಿಲ್ ಹಂಗ್ರಿ. ವಾಟ್ ಯು ವಿಲ್ ಡು?"

ಬೋರ್ಡು ತೆಗೆಯುತ್ತೇನೆ ಎಂದರೆ ಮುಗಿಯುತ್ತಿತ್ತು. ತಯಾರಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಇದ್ದಬದ್ದ ಶಬ್ದಗಳನ್ನೆಲ್ಲ ಒಟ್ಟು ಮಾಡಿ ಹೇಳಿದೆ: "ಬೋರ್ಡ್ ನೋ ಚೇಂಜ್. ಐ ಚೇಂಜ್ ರೈಸ್. ತ್ರೀ ಆಫ್ಟರ್, ಕರ್ಡ್ ರೈಸ್. ಫುಲ್ ಡೇ."

"ಪ್ರಾಮಿಸ್?"

"ಪ್ರಾಮಿಸ್."

"ಥ್ಯಾಂಕ್ ಯು, ಸರ್," ಎಂದು ಅವಳು ಕೂತಳು. ಸ್ನೇಹಲ ಅವಳ ಕೈಯನ್ನು ಹಿಡಿದುಕೊಂಡಳು.

ಆಮೇಲೆ ಮಕ್ಕಳು ಚಾ ಕುಡಿಯುತ್ತಿರುವಾಗ ಮೇಡಂ ಒಬ್ಬೊಬ್ಬರನ್ನೇ ಕೇಳಿದರು, ಹೀಗೆ ಕಲಿಯುವುದು ನಿಮಗೆ ಏನನಿಸುತ್ತದೆ, ಮುಲಾಜಿಲ್ಲದೆ ಹೇಳಿ. ಎಂಥ ಮಕ್ಕಳು! ನಾವು ಮಾಸ್ಟರಿಗೆ ಹೀಗೆ ಹೇಳುವುದುಂಟಾ? ತೇಜಸ್ ಮುಖದ ಮೇಲೆಯೇ ಹೇಳಿದ, ಟೈಮ್ ಬಹಳ ಹೋಗುತ್ತದೆ, ತಪ್ಪು ಮಾತಾಡಿದರೆ ಯಾರೂ ತಿದ್ದುವುದಿಲ್ಲ, ತಪ್ಪೇ ರೂಢಿಯಾದರೆ ಏನು ಗತಿ ಎಂದು. ಮೇಡಂ ಅದನ್ನು ಒಪ್ಪಿ ತಲೆಯಾಡಿಸಿದರು. ಸ್ನೇಹಲ, ನೀವು ಆಚೆ ಹೋದ ಕೂಡಲೇ ಗುಂಪಿನಲ್ಲಿ ಎಲ್ಲರೂ ಹಿಂದಿಗೆ ಇಳಿಯುತ್ತಾರೆ ಎಂದು ಚಾಡಿ ಹೇಳಿದಳು. ಇನ್ನೊಬ್ಬ, ಜಾಣರೇ ಮಾತಾಡಿ ಮುಗಿಸುತ್ತಾರೆ, ನಮ್ಮಂಥವರ ಬಾಯಿಗೆ ಸರದಿಯೇ ಬರುವುದಿಲ್ಲ ಎಂದ. ಮತ್ತೊಬ್ಬಳು, ಹೆದರಿಕೆ ಹೋಗಿಲ್ಲ, ಆದರೆ ಹೆದರಿಕೊಂಡೇ ಮಾತಾಡಲು ಬಂತು ಎಂದಳು.

ಕೊನೆಗೆ ಶ್ರಾವ್ಯ. ಇಂಗ್ಲಿಷಿನಲ್ಲೇ ಹೇಳಿದಳು. ತಡೆದು ತಡೆದು ಹೇಳಿದ್ದರಿಂದ ನನಗೆ ಪೂರ್ತಿ ಅರ್ಥವಾಯಿತು. ಕ್ಲಾಸಿನಲ್ಲಿ ನಾನು ಯಾವ ಶಬ್ದ ಸರಿ ಎಂದು ಯೋಚಿಸುತ್ತಿರುತ್ತೇನೆ. ಇವತ್ತು ಆ ಹಸಿದ ಮನುಷ್ಯನ ಬಗ್ಗೆ ಯೋಚಿಸುತ್ತಿದ್ದೆ, ಎಂದಳು.

ಮೇಡಂ ಕಾಫಿ ಲೋಟ ಕೆಳಗಿಟ್ಟರು. ನಾನು ಗಲ್ಲಾಕ್ಕೆ ಹೋಗಿ ಬೆನ್ನು ತಿರುಗಿಸಿ, ಇಲ್ಲದ ಚಿಲ್ಲರೆ ಹುಡುಕಿದೆ. ನಾನು ಕನ್ಯಾಕುಮಾರಿ ಕಂಡಿಲ್ಲ, ಹಿಮಾಲಯ ಕಂಡಿಲ್ಲ. ಅಲ್ಲಿ ನಿಂತವರಿಗೆ ಮೈ ಜುಮ್ಮೆನ್ನುತ್ತದಂತೆ. ನನಗೆ ಅದು ಆದದ್ದು ಚಟ್ನಿ ಬಕೆಟಿನ ಪಕ್ಕ, ಡೊಂಬಿವಲಿ ಪೂರ್ವದಲ್ಲಿ.

ಕಾಲೇಜು ಬಿಡುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಿದರೆ ಎಲ್ಲಿ ಒಡೆಯುತ್ತದೋ ಎಂದು ನಾನೂ ಸುಮತಿಯೂ ಬಾಯಿಗೆ ಬೀಗ ಹಾಕಿಕೊಂಡು ತಿರುಗಿದೆವು. ಪರೀಕ್ಷೆ ಮುಗಿದು, ರಜೆಯೂ ಮುಗಿದ ದಿನ ಬೆಳಿಗ್ಗೆ ಶ್ರಾವ್ಯ ತಾನಾಗಿಯೇ ಚೀಲ ಹೆಗಲಿಗೇರಿಸಿ, ಡಬ್ಬಿ ಕೇಳಿ ಪಡೆದು, ಸ್ಟೇಷನ್ನಿಗೆ ನಡೆದಳು. ಥಾಣೆಯಲ್ಲಿ ಗಾಡಿ ಬದಲಾಯಿಸಿ ನೆರೂಳಿಗೆ. ನಾನು ಅಡ್ಡರಸ್ತೆ ತಿರುಗುವವರೆಗೂ ನೋಡಿ ಒಳಗೆ ಬಂದೆ.

ಈಗ ನನ್ನ ಹತ್ತಿರ ಇರುವುದು: ಹದಿನಾಲ್ಕು ಟೇಬಲು, ಎರಡು ಗ್ರೈಂಡರು, ಒಂಬತ್ತು ಜನ ಕೆಲಸದವರು, ಒಂದು ಕೋಣೆ ಒಂದು ಹಾಲ್ ಇರುವ ಸ್ವಂತ ಮನೆ, ಒಬ್ಬಳು ಹೆಂಡತಿ, ಪೂರ್ತಿ ಬರುವ ನಾಲ್ಕು ಭಾಷೆ, ಮತ್ತು ಥರ್ಡ್ ಇಯರ್ ಬಿ.ಕಾಂ. ಓದುವ ಒಬ್ಬಳು ಮಗಳು.